ಹುಳು ಜ್ವರಕ್ಕೆ ಕೂತಾಗ ಏಸಿ ಕೆಟ್ಟಿತು

ಅಮ್ಮಾ ಯಾಮಿನಿ,

ಬೆಳಗಿನಿಂದ ಏಸಿ ಬಿಸಿಗಾಳಿ ಊದುತ್ತಿದೆ. ನಮಗೆ ಸೆಕೆಯಾದರೆ ಸೆರಗಿದೆ, ಬೀಸಿಕೊಂಡರಾಯಿತು. ಆದರೆ ಅದರದೇ ಕೊಳವೆ ರೇಷ್ಮೆಹುಳುವಿನ ಕೋಣೆಗೂ ಹೋಗಿದೆಯಲ್ಲ, ನನ್ನ ಭಯವೆಲ್ಲ ಅದೇ. ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ. ಮೇವು ಬಿಟ್ಟು ಮಲಗಿದ್ದು ಪೊರೆ ಬಿಟ್ಟು ಏಳುವವರೆಗೆ ತಟ್ಟೆ ಕದಲಿಸುವ ಹಾಗಿಲ್ಲ.

ಗಂಗುಲಮ್ಮನ ಮನೆಯ ಫ್ಯಾನುಗಳನ್ನು ತರಲು ಮೇಲೂರಿಗೆ ಹೊರಟಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಹ್ಞೂಂ ಅಜ್ಜಿ" ಅಂತೀಯ, ಅದಕ್ಕೇ ಬರೆದಿಟ್ಟೆ.

ಹನ್ನೊಂದಕ್ಕೆ ರಿಪೇರಿಯವನು ಬರುತ್ತಾನೆ. ಮೊದಲು ಅವನ ಚೀಲ ತೆರೆಸಿ ನೋಡು. ತೊಳೆಯುವ ಸ್ಪ್ರೇ ಇದ್ದರೆ ಗೇಟಿನ ಹೊರಗೇ ಇಡಿಸು. ಹುಳುವಿನ ಕೋಣೆಯ ಗಾಳಿಕಿಂಡಿಗೆ ನನ್ನ ಹಳೇ ಸೀರೆ ತುರುಕಿದ್ದೇನೆ, ಯಾರು ಹೇಳಿದರೂ ತೆಗೆಯಬೇಡ. ನೀನೂ ಇವತ್ತೊಂದು ದಿನ ಆ ಸೆಂಟು ಹಾಕ್ಕೋಬೇಡ ಕಣೇ.

ಕೋಣೆಯ ಶಾಖ ಇಪ್ಪತ್ತೆಂಟು ದಾಟಿದರೆ ತಾರಸಿಯ ಗೋಣಿಗಳಿಗೆ ನೀರು ಹಾಕು. ಒಳಗೆ ಒಂದು ಹನಿಯೂ ಬೇಡ, ಜ್ವರದ ಹುಳುವಿಗೆ ತೇವ ಆಗದು.

ಸ್ಪ್ರೇ ಬೇಡ ಅಂದರೆ ಅವನು "ಬರೀ ಸೋಪಿನ ನೀರು, ಏನೂ ಆಗಲ್ಲ" ಅಂತಾನೆ. ಹೋದ ಬೆಳೆಯಲ್ಲೂ ನನಗೆ ಹಾಗೇ ಅಂದ. ಕಾಫಿ ಕೊಟ್ಟು, ಆಗಲಪ್ಪ ಅಂತ ತಲೆಯಾಡಿಸಿದೆ. ಸಂಜೆಗೆ ತಟ್ಟೆ ತಟ್ಟೆಯ ಹುಳುವೂ ಹಸಿರು ಕಕ್ಕಿ ಸತ್ತಿತು. ಪಕ್ಕದ ತೋಟದ ಔಷಧಿ ಸೊಪ್ಪಿಗೆ ತಾಗಿತ್ತು ಅಂತಲೇ ನಿಮ್ಮಪ್ಪ ಇವತ್ತಿಗೂ ನಂಬಿದ್ದಾನೆ. ನನಗೆ ಹೇಳುವ ಧೈರ್ಯ ಬರಲಿಲ್ಲ, ನಿನಗೊಬ್ಬಳಿಗೇ ಹೇಳಿದ್ದು.

ಕಾಫಿ ಬೇಕಾದರೆ ಕೊಡು. ತಲೆ ಮಾತ್ರ ಆಡಿಸಬೇಡ.

ನಿನ್ನಜ್ಜಿ