ಗುರುದೇವಿ ತಂದ ಕವರುಗಳು

೨೨ ಜೂನ್ ೨೦೦೭, ಶುಕ್ರವಾರ

ಗುರುದೇವಿಯ ಮುಖ ಕಣ್ಣಿಂದ ಮರೆಯಾಗುತ್ತಿಲ್ಲ. ಪರಿಸರ ಪಾಠಕ್ಕೆಂದು, ಮನೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಕವರ್ ತನ್ನಿ, ಹೆಚ್ಚು ತಂದವರಿಗೆ ಬಹುಮಾನ ಎಂದು ತರಗತಿಯಲ್ಲಿ ಹೇಳಿದ್ದೆ. ನಿನ್ನೆ ಅವಳೊಬ್ಬಳೇ ಬರಿಗೈಯಲ್ಲಿ ಬಂದಳು. ಸೋಮಾರಿ ಎಂದು ಬೈದು ಬೆಂಚಿನ ಮೇಲೆ ನಿಲ್ಲಿಸಿದೆ. ಇವತ್ತು ಒಂದು ಕಟ್ಟು ತಂದಳು, ಮಡಿಕೆಯನ್ನೂ ಬಿಚ್ಚದ ಕವರುಗಳು.

"ಇದೇನೇ, ಎಲ್ಲಾ ಹೊಸದು?"

"ಮನ್ಯಾಗ ಒಂದೂ ಇಲ್ರಿ ಮಿಸ್. ಅವ್ವ ಸುಂಕದಕಟ್ಟಿ ಸಂತಿಗೆ ಬಟ್ಟಿ ಚೀಲಾನ ಒಯ್ತಾಳ್ರಿ. ಅದಕ್ಕ ಅಂಗಡ್ಯಾಗ ಕೊಂಡು ತಂದೀನ್ರಿ."

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಥೂ.

ನಾಳೆ ಬಹುಮಾನ ಕೊಡಬೇಕಾದ್ದು ನಿನ್ನೆಯ ಆ ಬರಿಗೈಗೆ. ಬೆಂಚಿನ ಮೇಲೆ ನಿಂತಷ್ಟು ಹೊತ್ತೂ ಅವಳು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು.