ಗುರುತಿನ ಅಳತೆ

ಅಲ್ ವುಕೈರ್, ಕತಾರ್
14-3-2006

ಪ್ರೀತಿಯ ಉಮ್ಮನಿಗೆ ನಿಮ್ಮ ಝಾಹಿದಾಳ ಸಲಾಂ. ಇದನ್ನು ನಿಮಗೆ ಓದಿ ಹೇಳುತ್ತಿರುವ ತಂಗಿ ಫಾಹಿಮಾಳಿಗೂ ಸಲಾಂ.

ನಾನು ಇಲ್ಲಿ ಚೆನ್ನಾಗಿದ್ದೇನೆ. ಐದನೇ ಕ್ಲಾಸು ಬಿಟ್ಟ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ನಗಬೇಡಿ. ಫೋನು ಮನೆಯೊಡತಿ ಸುಬೈದಾ ಮೇಡಂನ ಕೋಣೆಯಲ್ಲಿದೆ, ಹಾಗಾಗಿ ಪತ್ರವೇ ಒಳ್ಳೆಯದು. ಬರೆದದ್ದನ್ನು ಮೇಡಂ ಒಮ್ಮೆ ಓದಿ ನೋಡುತ್ತಾರೆ. ಅವರು ನಮ್ಮ ಊರ ಕಡೆಯವರೇ ಅಲ್ಲವೇ, ಕನ್ನಡ ಚೆನ್ನಾಗಿ ಬರುತ್ತದೆ.

ನನ್ನ ಕೈ ಹೇಗಿದೆ ಎಂದು ಕೇಳಿದ್ದೀರಿ. ರಂಜಾನ್ ನೋಂಬಿನ ತಿಂಗಳಲ್ಲಿ ನನ್ನದೇ ಅಜಾಗ್ರತೆಯಿಂದ ಇಸ್ತ್ರಿಪೆಟ್ಟಿಗೆ ಎಡಗೈಯ ಮೇಲೆ ಬಿತ್ತು. ಗಾಯ ಒಣಗಿತು, ಗುರುತು ಮಾತ್ರ ಕೆಂಪಗೆ ಉಬ್ಬಿ ನಿಂತಿತು. ಅದಕ್ಕೆ ಮೇಡಂ ಮುಶೈರಿಬ್ ಪೇಟೆಯ ಮೆಡಿಕಲ್‌ನಿಂದ ಮದ್ದಿನ ಪಟ್ಟಿ ತಂದರು. ತೆಳ್ಳಗಿನ ಪಟ್ಟಿ, ಒಂದು ಬದಿಯ ಅಂಟಿನಲ್ಲೇ ಮದ್ದು ಸೇರಿದೆ. ಬೆಳಿಗ್ಗೆ ಅಂಟಿಸಿ ಸಂಜೆ ತೆಗೆಯಬೇಕು. ಒಳ್ಳೆಯ ಚರ್ಮಕ್ಕೆ ತಾಗಿದರೆ ಚರ್ಮ ತೆಳುವಾಗುತ್ತದಂತೆ. ಹಾಗಾಗಿ ಪ್ರತಿ ಶುಕ್ರವಾರ ಮೇಡಂ ನನ್ನ ಕೈಯ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು, ಗುರುತಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, ತಾರೀಕು ಬರೆದು, ಅದೇ ಅಳತೆಗೆ ಪಟ್ಟಿ ಕತ್ತರಿಸುತ್ತಾರೆ. "ಅಲ್ಲಾಡ್ಬೇಡ ಮಾರಾಯ್ತಿ, ಮದರಂಗಿ ಹಾಕ್ತಿದ್ದೇನೆ ಅಂತ ತಿಳ್ಕೊ" ಎಂದು ನಗುತ್ತಾರೆ.

ರಜೆ ಕೇಳಿದ್ದಕ್ಕೆ, "ಈ ಕೈ ನೋಡಿದ್ರೆ ನಿನ್ನ ಉಮ್ಮ ಎಂತ ಗ್ರಹಿಸ್ಲಿಕ್ಕಿಲ್ಲ? ಮೊದಲು ಕೈ ನೀಟಾಗ್ಲಿ, ಮರುದಿನವೇ ಟಿಕೆಟ್" ಎಂದರು. ಪಾಸ್‌ಪೋರ್ಟ್ ಅವರ ಬಳಿ ಜೋಪಾನವಾಗಿದೆ. ಗುರುತು ವಾರವಾರಕ್ಕೆ ಚಿಕ್ಕದಾಗುತ್ತಿತ್ತು. ಮೂರು ವಾರಗಳಿಂದ ಗೆರೆ ಇದ್ದಲ್ಲೇ ಇದೆ. ಯಾಕೆಂದು ಮೇಡಂಗೆ ಗೊತ್ತಾಗುತ್ತಿಲ್ಲ. ಇವತ್ತು ನನ್ನ ಕೈಯನ್ನು ಬಹಳ ಹೊತ್ತು ನೋಡಿದರು.

ಫಾಹಿಮಾಳ ವೀಸಾ ಆಯಿತಂತೆ. ಮುಂದಿನ ತಿಂಗಳು, ನನ್ನನ್ನು ಕಳಿಸಿದ ಅಬ್ಬಾಸ್ ಬ್ಯಾರಿಯೇ ಅವಳನ್ನೂ ಈ ಮನೆಗೇ ಕೆಲಸಕ್ಕೆ ಕಳಿಸುತ್ತಾರಂತೆ. ನನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದ್ದಾರೆ. ಮೊನ್ನೆ ಮೇಡಂ ಮದ್ದಿನ ಪಟ್ಟಿಯ ಎರಡು ಹೊಸ ಪೆಟ್ಟಿಗೆ ತಂದಿಟ್ಟರು. ನನ್ನದು ಇನ್ನೂ ಅರ್ಧ ಪೆಟ್ಟಿಗೆ ಉಂಟಲ್ಲ ಎಂದೆ. "ಇರಲಿ, ಬೇಕಾಗ್ತದೆ" ಎಂದರು.

ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ದುವಾದಲ್ಲಿ ನನ್ನನ್ನು ನೆನೆಯಿರಿ.

ನಿಮ್ಮ ಕೈಯಡುಗೆಗೆ ಹಂಬಲಿಸುವ ಮಗಳು,
ಝಾಹಿದಾ

ವಿ. ಸೂ.: ಫಾಹಿಮಾ, ಇದನ್ನು ಉಮ್ಮನಿಗೆ ಓದಿ ಹೇಳಬೇಡ. ಮೇಡಂ ಪತ್ರ ಓದಿ ಮುಗಿಸಿ, ಲಕೋಟೆಗೆ ಅಂಟು ಹಚ್ಚಲು ನನ್ನ ಕೈಗೆ ಕೊಟ್ಟು ಫೋನಿಗೆ ಹೋದರು. ಪಟ್ಟಿಯಿಂದ ಬಿಡಿಸಿದ ಕಾಗದದ ಹಿಂಬದಿಯಲ್ಲಿ ಬರೆದು ಒಳಗೆ ಸೇರಿಸುತ್ತಿದ್ದೇನೆ.

ಇಸ್ತ್ರಿಪೆಟ್ಟಿಗೆ ಬೀಳಲಿಲ್ಲ. ಒಂದು ಅಂಗಿ ಸುಟ್ಟದ್ದಕ್ಕೆ ಮೇಡಂ ನನ್ನ ಕೈ ಹಿಡಿದು ಕಾದ ಪೆಟ್ಟಿಗೆಯನ್ನು ಮೇಲೆ ಇಟ್ಟರು.

ಕತ್ತರಿ ಹುಡುಕುವಾಗ ಅವರ ಡಬ್ಬಿಯ ತಳದಲ್ಲಿ ಹಳೆಯ ಪ್ಲಾಸ್ಟಿಕ್ ಹಾಳೆಗಳು ಸಿಕ್ಕವು. ಅದೇ ಇಸ್ತ್ರಿಪೆಟ್ಟಿಗೆಯ ಮೂತಿ. ನನ್ನ ಮೊದಲ ಹಾಳೆಯ ಮೇಲೆ ಇಟ್ಟರೆ ಗೆರೆಗೆ ಗೆರೆ ಕೂರುತ್ತದೆ. ತಾರೀಕು 2002ರದ್ದು. ನಾನು ಬಂದದ್ದು 2004ರಲ್ಲಿ. ಆ ಗೆರೆಯೂ ಚಿಕ್ಕದಾಗುತ್ತಾ ಹೋಗಿ ಕೊನೆಯ ಹಾಳೆಯಲ್ಲಿ ಒಂದು ಚುಕ್ಕೆ ಉಳಿದಿದೆ. ನನಗಿಂತ ಮೊದಲು ಇಲ್ಲಿದ್ದ ಆ ಹುಡುಗಿ ಊರಿಗೆ ಹೋಗಿ ಏನು ಹೇಳಿದ್ದರೂ ಯಾರು ನಂಬುತ್ತಿದ್ದರು?

ಅದನ್ನು ನೋಡಿದ ದಿನದಿಂದ ನಾನು ಪಟ್ಟಿಯನ್ನು ಬಚ್ಚಲಿನಲ್ಲಿ ಕಿತ್ತು, ಮೇಡಂ ನೋಡುವ ಹೊತ್ತಿಗೆ ಮತ್ತೆ ಅಂಟಿಸುತ್ತೇನೆ. ರಜೆ ತಡವಾದರೂ ಆಗಲಿ. ಈ ಗುರುತು ನನ್ನ ಕೈಯಲ್ಲೇ ಊರಿಗೆ ಬರಬೇಕು.

ನೀನು ಬರಬೇಡ. ವೀಸಾದ ಕಾಗದ ಒಲೆಗೆ ಹಾಕು. ಅಬ್ಬಾಸ್ ಬ್ಯಾರಿ ಬೈದರೆ ಬೈಸಿಕೋ.

ಮೇಡಂ ಇನ್ನೂ ಫೋನಿನಲ್ಲಿದ್ದಾರೆ. ಆ ಕಡೆ ಇರುವುದು ಅಬ್ಬಾಸ್ ಬ್ಯಾರಿಯೇ. ಮುಂದಿನ ತಿಂಗಳವರೆಗೆ ಕಾಯುವುದು ಬೇಡ, ಹುಡುಗಿಯನ್ನು ಈ ವಾರವೇ ಕಳಿಸಿ ಎನ್ನುತ್ತಿದ್ದಾರೆ. ಪತ್ರ ಊರು ಮುಟ್ಟಲು ಹತ್ತು ದಿನ ಬೇಕು.