ನೋಡ್ಲಿಕ್ಕಂತ ಹಾಕಿದ ಕೌದಿ

ಕಮಲಾಪುರ,
ಮಂಗಳವಾರ, ೧೭ ಆಗಸ್ಟ್ ೨೦೦೪

ಅತ್ತೆವ್ವಾ, ನಿಮ್ಮ ಪಾದಕ್ಕ ಸೊಸಿ ನೀಲಗಂಗಮ್ಮನ ಶರಣು.

ನಿಮ್ಮ ಮೊಣಕಾಲ ನೋವು ಕಡಿಮಿ ಆತೋ ಇಲ್ಲೋ? ಸೊಲ್ಲಾಪುರದ ನೀರು ನಿಮಗ ಆಗಿಬರಾಂಗಿಲ್ಲ, ಕಾಸಿ ಕುಡೀರಿ. ನಮ್ಮ ಸಾಬಮ್ಮನ ಕಾಲಬಾವು ಇಳೀತಾ? ಚೊಚ್ಚಲ ಬಾಣಂತನಕ್ಕ ಮಗಳು ತವರಿಗೆ ಬರೂದು ಬಿಟ್ಟು ತಾಯೀನ ಮಗಳ ಮನಿಗೆ ಹೋಗಿ ಕುಂದ್ರೂ ಹಾಂಗಾತು. ಬಸ್ಸು ಹತ್ತಬ್ಯಾಡ ಅಂತ ಡಾಕ್ಟರಬಾಯಿ ಹೇಳಿದ ಮ್ಯಾಲ ಮತ್ತೇನ್ ಮಾಡ್ತೀರಿ. ಇಲ್ಲಿ ಎಲ್ಲಾರೂ ಆರಾಮ ಅಂತ ಬರಿಯೂದು ಪದ್ಧತಿ. ಆದ್ರ ಆರಾಮ ಇಲ್ಲ. ಚಸ್ಮಾ ಹಾಕ್ಕೊಂಡು ನೀವೊಬ್ಬರ ಓದ್ರಿ, ಸಾಬಮ್ಮನ ಕೈಯಾಗ ಈ ಪತ್ರ ಕೊಡಬ್ಯಾಡ್ರಿ. ಫೋನ್ ಮಾಡಬೇಕಂದ್ರ ಅಲ್ಲಿ ಎತ್ತೂದು ನಿಮ್ಮ ಅಳಿಯ, ಅವರ ಮುಂದ ಈ ಮಾತು ಹ್ಯಾಂಗ ಹೇಳ್ಲಿ?

ಸುತ್ತಿ ಬಳಸಿ ಹೇಳೂದು ನನಗ ಬರಾಂಗಿಲ್ಲ. ಹುಟ್ಟೂ ಕೂಸಿಗೆ ಹೊಚ್ಚಲಿಕ್ಕಂತ ನೀವು ಹಳೇ ಅರಿವಿ ಕೂಡಿಸಿ ಹೊಲಿದಿಟ್ಟು ಹೋದ ಕೌದಿ ಮಾರಾಟ ಆಗ್ಯದ. ಇನ್ನೂ ನಮ್ಮ ಟ್ರಂಕಿನಾಗ ಅದ, ಆದ್ರ ನಮ್ಮದಲ್ಲ. ನಿಂತು ಓದಾಕತ್ತಿದ್ರ ಕೂಡ್ರಿ. ಬೈಯೂದಿದ್ರ ಪೂರಾ ಓದಿ ಬೈರಿ. ಆ ಕೌದಿ ಯಾವುದು ಅಂತ ನನಗ ಗೊತ್ತಿಲ್ಲೇನ್ರಿ? ನಿಮ್ಮ ಮದಿವಿ ಇಳಕಲ್ ಸೀರಿ ಸುತ್ತಲೂ ಕೊಟ್ಟು, ಸತ್ತ ಮಾವನವರು ತಲಿಗೆ ಸುತ್ತತಿದ್ದ ಗುಲಾಬಿ ರುಮಾಲಿನ ಅರ್ಧ ನಟ್ಟನಡುವ ಇಟ್ಟು, ಕೌದಿ ಹೊಟ್ಟಿ ಹಸಿದಿರಬಾರದು ಅಂತ ಕಡೀ ಮೂಲ್ಯಾಗ ರೊಟ್ಟಿ ಬೆಲ್ಲದ ತುತ್ತು ಹಾಕಿ ಹೊಲಿಗಿ ಮುಚ್ಚಿದ್ರಿ. ಕೂಸು ಹುಟ್ಟೂಕಿಂತ ಮೊದಲ ಒಯ್ಯಬಾರದು ಅಂತ ನನ್ನ ಕೈಯಾಗ ಇಟ್ಟು ಹೋದ್ರಿ. ನನ್ನ ಕೈಯಾಗ! ಯಾಕಾರ ಇಟ್ಟು ಹೋದ್ರೋ.

ಬಾಜೂಮನಿ ರೋಷನಬಿ ಮಗಳು ನೂರಜಹಾನ್ ಕಲಬುರಗಿ ಸೇಡಂ ರಸ್ತಾದಾಗ ಕಂಪ್ಯೂಟರ್ ಅಂಗಡಿ ಇಟ್ಟಾಳಲ್ಲ, ನಮ್ಮ ಓಣಿ ಕೌದಿ ಇಂಟರ್ನೆಟ್ಟಿನಾಗ ಮಾರೂಣು ಅಂತ ಬೆನ್ನು ಹತ್ತಿದ್ದಳು. ನೀವು ಹೋಗೂ ದಿನ "ಗಿರಾಕಿ ಮಾರಿ ನೋಡಲಾರದ ಯಾಪಾರ ಅದ್ಯಾ ಸೀಮಿ ಯಾಪಾರ" ಅಂದ್ರಿ, ನಾ ನಕ್ಕೆ. ಆಕಿ ಹೇಳಿದ್ದು ಕೇಳಿದ್ರ ಯಾರಿಗಾದ್ರೂ ಆಸಿ ಹುಟ್ತದ. ಅಂಗಡಿ ಬ್ಯಾಡ, ಬಾಡಿಗಿ ಬ್ಯಾಡ. ಕಂಪ್ಯೂಟರಿನಾಗ ಒಂದು ಪುಟ, ಅದ ಅಂಗಡಿ. ಮಾಲಿನ ಫೋಟೋ ಹಾಕಿ ಬೆಲಿ ಬರದ್ರ ಆತು. ಬೇಕಾದವರು ತಮ್ಮೂರಾಗ ಕುಂತು ಆರಿಸ್ತಾರ, ಬ್ಯಾಂಕಿನ ಕಾರ್ಡಿಲೆ ಮೊದಲ ರೊಕ್ಕ ಕಟ್ತಾರ. ಆ ರೊಕ್ಕ ನಡುವ ಒಂದು ಕಂಪನಿ ಹಿಡಕೊಂಡು ಕುಂತಿರ್ತದ, ನಾವು ಮಾಲು ಕಳಸಿದ ರಸೀದಿ ತೋರಿಸಿದ್ರ ಬಿಡ್ತದ. ಚೌಕಾಶಿ ಇಲ್ಲ, ಉದ್ರಿ ಅನ್ನೂ ಪೀಡಾ ಇಲ್ಲ. ಸಂತ್ಯಾಗ ಕೌದಿ ಮಾರಿಕೋತ ಬಿಸಲಾಗ ಕುಂತು ಕುಂತು ಬೆನ್ನು ಸುಟ್ಟುಕೊಂಡ ನನಗ ಸ್ವರ್ಗ ಕಂಡಂಗಾತು ನೋಡ್ರಿ.

ಫೋಟೋ ತಗೀಲಿಕ್ಕೆ ಆಕಿ ಬಂದಾಗ ನಾ ಸಂತ್ಯಾಗ ಮಾಡೂದ ಮಾಡ್ದೆ. ಎಲ್ಲಾಕಿಂತ ಛಂದಂದು ಮುಂದ ತೂಗುಹಾಕ್ತೀವಿ. ಯಾರಾರ ಕೇಳಿದ್ರ "ಅದು ಮಾರ್ಲಿಕ್ಕಲ್ಲವ್ವ, ನೋಡ್ಲಿಕ್ಕ" ಅಂತೀವಿ, ಗಿರಾಕಿ ಸಿಟ್ಟಾಗಾಂಗಿಲ್ಲ, ಕೆಳಗಿನ ರಾಶ್ಯಾಗ ಕೈಯಾಡಿಸಿ ತನಗ ಒಪ್ಪಿದ್ದು ಒಯ್ತಾನ. ನಿಮ್ಮ ಕೌದಿಗಿಂತ ಛಂದಂದು ಈ ಓಣ್ಯಾಗ ಯಾರ ಮನ್ಯಾಗದ ಹೇಳ್ರಿ? ಅದನ್ನ ಅಂಗಳದಾಗ ಹಗ್ಗಕ್ಕ ಹಾಕಿದೆ. ಆಕಿ ಫೋಟೋ ಹೊಡಕೊಂಡು ಹೋದಳು. ಇದು ಮಾರ್ಲಿಕ್ಕೋ ನೋಡ್ಲಿಕ್ಕೋ ಅಂತ ಆಕಿ ಕೇಳಲಿಲ್ಲ, ನಾ ಹೇಳಲಿಲ್ಲ.

ಶನಿವಾರ ನೂರಜಹಾನ್ ಬಸ್ ಇಳಿದು ಓಡಿಕೋತ ಬಂದಳು. ಪುಣೆದ ಒಬ್ಬ ಬಾಯಿ ಕೌದಿ ಕೊಂಡಾಳ, ರೊಕ್ಕಾನೂ ಕಟ್ಯಾಳ! ನಾ ಓಣಿ ತುಂಬ ಸಕ್ರಿ ಹಂಚಿದೆ ಅತ್ತೆವ್ವಾ. ಹಂಚಿ ಬಂದು, ಯಾವ ಕೌದಿ ಕಳಸೂಣು ಅಂತ ಕೇಳಿದ್ರ ಆಕಿ ನನ್ನ ಮಾರಿ ನೋಡಿದಳು. "ಯಾವುದಂದ್ರೇನು ಅಕ್ಕಾ, ಫೋಟೋದಾಗಿಂದು" ಅಂದಳು. ಕೈಯಾಗಿನ ಸಕ್ರಿ ತಾಟು ಅಲ್ಲೇ ಬಿತ್ತು.

ರೋಷನಬಿ ಅಂತಾಳ, "ಅರೇ, ಆ ಇನ್ನೊಂದು ಹಸರಂಚಿನ ಕೌದಿ ಕಳಸು, ಪುಣೆದಾಕಿಗೆ ಏನ್ ಗೊತ್ತಾಗ್ತದ." ನನಗೂ ಅದ ಖರೆ ಅನಿಸಿತ್ತು, ಸುಳ್ಳ್ಯಾಕ ಹೇಳ್ಲಿ. ನೂರಜಹಾನ್ ತಾಯಿ ಮ್ಯಾಲ ಹರಿಹಾಯ್ದಳು. ಪುಣೆದಾಕಿ ಮಾಲು ಮುಟ್ಟಿಲ್ಲ, ನಮ್ಮ ಮಾರಿ ನೋಡಿಲ್ಲ, ಬರೇ ಫೋಟೋ ನಂಬಿ ರೊಕ್ಕ ಕೊಟ್ಟಾಳ, ಆ ಫೋಟೋನ ನಾವು ಕೊಟ್ಟ ಮಾತು. ಬ್ಯಾರೇದು ಹೋದ್ರ ವಾಪಸ್ ಕಳಸ್ತಾಳ, ಇವರು ಮೋಸಗಾರರು ಅಂತ ನಮ್ಮ ಪುಟದ ಕೆಳಗ ಬರೀತಾಳ, ಅದನ್ನ ಲೋಕ ಎಲ್ಲಾ ಓದ್ತದ. ಕೊಡಾಂಗಿಲ್ಲ ಅಂದ್ರ ಆಕಿ ರೊಕ್ಕ ತಿರುಗಿ ಹೋಗ್ತದ, ಮೊದಲ ಗಿರಾಕಿ ಬೋಣಿಗೀನೂ ಹೋಗ್ತದ. ಶುಕ್ರವಾರದೊಳಗ ಟಪಾಲಿಗೆ ಹಾಕ್ಬೇಕು. ಅತ್ತ ದರಿ, ಇತ್ತ ಪುಲಿ.

ನಿಮ್ಮ ಮಗ ಕಪನೂರದ ಕಾರ್ಖಾನಿಂದ ಬಂದು ಈ ಸುದ್ದಿ ಕೇಳಿದ್ರು. "ನಮ್ಮಪ್ಪನ ರುಮಾಲು ಮಾರಿ ಬಂದ್ಯಾ" ಅಂದವರು ಗಂಗಾಳ ಸರಿಸಿ ಎದ್ದು ಹೋದ್ರು. ಅವತ್ತಿಂದ ನನ್ನ ಜೋಡಿ ಮಾತಿಲ್ಲ. ನೀರು ಬೇಕಾದ್ರ ಗೋಡಿಗೆ ಹೇಳ್ತಾರ. ನನಗೂ ಸಿಟ್ಟು ಬರ್ತದ ಅತ್ತೆವ್ವಾ. ಗಂಡಸರು ಸಿಟ್ಟಾದ್ರ ಹೊರಗ ಹೋಗಿ ಚಾ ಕುಡೀತಾರ, ನಾ ಎಲ್ಲಿಗೆ ಹೋಗ್ಲಿ? ಟ್ರಂಕಿನ ಮುಂದ ಹೋಗಿ ಕುಂದ್ರತೀನಿ. ತಗದು ನೋಡ್ಲಿಕ್ಕೆ ಧೈರ್ಯ ಸಾಲಾಂಗಿಲ್ಲ.

ಕೊಡಾಂಗಿಲ್ಲ ಅಂತ ಪುಣೆದಾಕಿಗೆ ಬರದುಬಿಡು ಅಂತ ನೂರಜಹಾನಗ ಹೇಳ್ಲಿಕ್ಕೆ ಹೋಗಿ ಹೋಗಿ ತಿರುಗಿ ಬಂದೀನಿ. ಯಾಕಂದ್ರ ಮಾವನವರ ನೆನಪು ಬರ್ತದ. ಸೈಕಲ್ಲಿಗೆ ಅರಿವಿಗಂಟು ಕಟ್ಕೊಂಡು ಊರೂರು ತಿರುಗಿದವರು ಅವರು. "ಬೋಣಿಗಿ ಗಿರಾಕಿನ್ನ ಬರಿಗೈಲೆ ಕಳಸಬ್ಯಾಡ್ರಿ, ತಲಿ ಮ್ಯಾಲಿಂದು ಕೇಳಿದ್ರೂ ತಗದು ಕೊಡ್ರಿ" ಅಂತಿದ್ರಲ್ಲ. ಅವರು ಅಂದಂಗ ಅವರ ತಲಿ ಮ್ಯಾಲಿಂದ ಈಗ ಕೇಳ್ಯಾರ ನೋಡ್ರಿ! ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು. ನಾ ಬಾಯಿಲೆ ಆಡಿಲ್ಲ, ಆದ್ರ ಹಗ್ಗಕ್ಕ ಹಾಕಿದ್ದು ನನ್ನ ಕೈ. ಹಂಗಂತ ಹುಟ್ಟೂ ಕೂಸಿನ ಮೈಮ್ಯಾಗಿಂದು ಕಿತ್ತು ಕೊಡ್ಲಿಕ್ಕೆ ನನಗೇನು ಹಕ್ಕದ? ಹೊಲಿದವರು ನೀವು. ಕೊಡು ಅಂದ್ರ ಕೊಡ್ತೀನಿ, ಬ್ಯಾಡ ಅಂದ್ರ ಲೋಕ ಮೋಸಗಾರ್ತಿ ಅಂದ್ರೂ ಅನ್ನಿಸಿಕೋತೀನಿ. ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ಯಂಕಪ್ಪನ ಕೈಯಾಗ ಈ ಪತ್ರ ಕಳಸ್ತೀನಿ, ಹೂಂ ಅನ್ನೂದೋ ಬ್ಯಾಡ ಅನ್ನೂದೋ ಒಂದು ಚೀಟಿ ಬರದು ಅವನ ಕೈಯಾಗ ಕೊಡ್ರಿ.

ಸಾಬಮ್ಮಗ ಫಿಕರ್ ಮಾಡಬ್ಯಾಡ ಅಂತ ಹೇಳ್ರಿ, ಯಾವುದರ ಫಿಕರ್ ಅಂತ ಹೇಳಬ್ಯಾಡ್ರಿ. ತಾಯಿ ಕೂಸು ಎರಡು ಜೀವ ಆಗಿ ಸುಖರೂಪ ಮನಿಗೆ ಬರ್ಲಿ, ಆ ಶರಣಬಸವಪ್ಪ ಕಾಯಲಿ.

ನಿಮ್ಮ ಸೊಸಿ,
ನೀಲಗಂಗಮ್ಮ

ತಾ.ಕ. — ಬುಧವಾರ. ಗಡಿಬಿಡ್ಯಾಗ ಬರದೀನಿ, ಬಸ್ಸು ಬರೂ ಹೊತ್ತಾಗ್ಯದ. ನಿನ್ನಿ ಬಸ್ಸು ತಪ್ಪಿತು, ಪತ್ರ ಗೋಡಿ ಮಾಡದಾಗ ಇಟ್ಟಿದ್ದೆ. ನಿಮ್ಮ ಮಗ ಓದಿಬಿಟ್ಟಾರ. ಓದಿ ಟ್ರಂಕು ತಗದ್ರು, ಕೌದಿ ತೊಡಿ ಮ್ಯಾಲ ಹಾಕ್ಕೊಂಡು ನಡುವಿನ ರುಮಾಲಿನ ಮ್ಯಾಲ ಕೈಯಾಡಿಸಿದ್ರು. ಆಮ್ಯಾಲ ತಾವ ಬಟ್ಟಿ ಸುತ್ತಿ, ತಾವ ಹೊಲಿದು, ತಾವ ಟಪಾಲಕಚೇರಿಗೆ ಒಯ್ದು ಹಾಕಿ ಬಂದ್ರು. ನಿಮ್ಮ ಹೂಂ ಕಾಯಲಿಲ್ಲ, ತಪ್ಪಾತು. ಬಂದು ತಮ್ಮ ಪೆಟಿಗಿಂದ ಒಂದು ಗಂಟು ತಗದು ನನ್ನ ಮುಂದಿಟ್ರು. ಅತ್ತೆವ್ವಾ, ನೀವು ಕೌದಿಗೆ ಇಟ್ಟದ್ದು ಅರ್ಧ ರುಮಾಲು, ಉಳಿದರ್ಧ ಮಾವನವರ ಜೋಡಿ ಮಣ್ಣಿಗೆ ಹೋತು ಅಂತ ಇಷ್ಟು ದಿನ ತಿಳಕೊಂಡಿದ್ರಿ. ಹೋಗಿಲ್ಲ. ಇವರು ಇಟ್ಕೊಂಡಿದ್ರು, ಯಾರಿಗೂ ಹೇಳಿರಲಿಲ್ಲ. ಆ ಅರ್ಧ ನಟ್ಟನಡುವ ಇಟ್ಟು, ನನ್ನ ಮದಿವಿ ಸೀರಿ ಸುತ್ತಲೂ ಕೊಟ್ಟು ನಾನೂ ರೋಷನಬಿನೂ ಹೊಸ ಕೌದಿ ಹೊಲೀಲಿಕ್ಕೆ ಕುಂತೀವಿ, ಕೂಸು ಹುಟ್ಟೂದರಾಗ ಮುಗಸ್ತೀವಿ. ಒಂದು ಮೂಲಿ ಹೊಲಿಯಾಂಗಿಲ್ಲ, ಹಂಗ ಕಳಸ್ತೀನಿ. ಅದರಾಗಿನ ತುತ್ತು ನೀವ ಇಡ್ರಿ.